ದಾಕೂ ತಾರುಣ್ಯದ ಮನಸ್ಸೂ

ಕ್ರಿಸ್ತಶಕ 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಐರ್ಲೆಂಡಿನ ಚಿತ್ರಕಾರನು ಮೂವರು ಸ್ತ್ರೀಯರ ತೈಲಚಿತ್ರವೊಂದನ್ನು ಬರೆದನು. ಆಭರಣಭೂಷಿತೆಯರಾದ ಈ ಮೂವರನ್ನು ಬಹುಕಾಲ ನರ್ತಕಿಯರೆಂದೇ ಭಾವಿಸಲಾಗಿದ್ದಿತು. ಇವರು ಮೈಸೂರಿನ ರಾಣೀವಾಸದವರೆಂದೂ, ಚಿತ್ರವು ಸಿಡುಬಿಗೆ ದಾಕು ಹಾಕಿಸಿಕೊಳ್ಳುವಂತೆ ಪ್ರಜೆಗಳನ್ನು ಪ್ರೇರಿಸುವುದಕ್ಕಾಗಿ ಬರೆದದ್ದೆಂದೂ ಇತಿಹಾಸಕಾರರಾದ ನೈಜೆಲ್ ಚಾನ್ಸೆಲರ್ ಅವರು ಈಚೆಗೆ ಪ್ರತಿಪಾದಿಸಿರುವರು. ಅವರ ಅಭಿಪ್ರಾಯದಂತೆ ಮಧ್ಯದಲ್ಲಿರುವವರು ರಾಜಮನೆತನದ ಹಿರಿಯರಾದ ಲಕ್ಷ್ಮಮ್ಮಣ್ಣಿಯವರು. ಬಲಗಡೆಗೆ ನಿಂತಿರುವ ಕಿರಿಯಳು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಹಿಡಿಯಲು 1805ರಲ್ಲಿ ಅರಮನೆಗೆ ಬಂದ ದೇವಾಜಮ್ಮಣ್ಣಿ. ಆಕೆಯ ವಯಸ್ಸು ಆಗ ಹನ್ನೆರಡರ ಆಸುಪಾಸು. ಸೀರೆಯ ಸೆರಗನ್ನು ಎಡದೋಳಿನಿಂದ ಕೊಂಚ ಸರಿಸಿ, ಆ ಸ್ಥಳವನ್ನು ಬೆರಳಿನಿಂದ ತೋರುವಂತೆ ಆಕೆ ನಿಂತಿದ್ದಾಳೆ. ದಾಕು ಹಾಕುತ್ತಿದ್ದುದು ಆ ಸ್ಥಳದಲ್ಲಿಯೇ.

ಚಿತ್ರದ ವಿಷಯದಲ್ಲಿ ಪಂಡಿತರು ಇನ್ನೂ ಚರ್ಚಿಸಬಹುದು. ಆದರೆ ಕಿರಿಯ ರಾಣಿಯು ದಾಕು ಹಾಕಿಸಿಕೊಂಡುದೂ, ಅದನ್ನು ಕಂಡು ಅನೇಕರು ತಾವಾಗಿ ಮುಂದೆ ಬಂದುದೂ 1806ರ ಜುಲೈ ತಿಂಗಳಿನ ಬರಹದಲ್ಲಿ ದಾಖಲಾಗಿದೆ. ಒಬ್ಬ ಬಾಲೆಯ ತೋಳು ಅಷ್ಟು ಜನರ ಮನಸ್ಸನ್ನು ತಿರುಗಿಸಿದುದು ಹೇಗೆ? ಹರೆಯದವರು ದಾಕನ್ನು ಒಪ್ಪುವುದಕ್ಕೂ ಒಲ್ಲೆನೆನ್ನುವುದಕ್ಕೂ ಒಳಗಿನಿಂದ ಪ್ರೇರಿಸುವ ಶಕ್ತಿಗಳಾವುವು? ಈ ಪ್ರಶ್ನೆಯನ್ನು ಚರಿತ್ರೆಯ ನಾಲ್ಕಾರು ಪ್ರಸಂಗಗಳ ಬೆಳಕಿನಲ್ಲಿ ವಿಚಾರಿಸಬೇಕೆಂದು ನಾವು ಉದ್ದೇಶಿಸಿದ್ದೇವೆ.

ಮೊದಲು ಆ ಕಾಲದ ಸ್ಥಿತಿಯನ್ನು ನೆನೆಯೋಣ. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರನು ಗೋವಿನ ಸಿಡುಬಿನ ರಸವನ್ನು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಸೇರಿಸಿದ್ದು 1796ರ ಮೇ 14ರಂದು. ನಮ್ಮ ದೇಶದಲ್ಲಿ ಈ ದಾಕನ್ನು ಮೊದಲು ಹಾಕಿಸಿಕೊಂಡವಳು ಮುಂಬಯಿಯ ಆನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗು. ದಿನ 1802ರ ಜೂನ್ 14. ಆಗಿನ ದಾಕು ಸೀಸೆಯಲ್ಲಿ ಬರುತ್ತಿರಲಿಲ್ಲ. ಒಬ್ಬರ ತೋಳಿನಲ್ಲಿ ಎದ್ದ ಬೊಕ್ಕೆಯ ರಸವನ್ನು ಇನ್ನೊಬ್ಬರ ತೋಳಿಗೆ ಸೇರಿಸುತ್ತ, ತೋಳಿನಿಂದ ತೋಳಿಗೆ ಅದನ್ನು ಜೀವಂತವಾಗಿ ಸಾಗಿಸಬೇಕಾಗಿದ್ದಿತು. ಯಾವ ಜಾತಿಯವರದೋ, ಯಾವ ಮತದವರದೋ ಮೈಯ ರಸವು ತಮ್ಮ ಮೈಯನ್ನು ಹೊಗುವುದೆಂದರೆ ಅಂದಿನ ಜನರಿಗೆ ಸಾಮಾನ್ಯವಾದ ಮಾತಾಗಿರಲಿಲ್ಲ. ಅದೂ ಅಲ್ಲದೆ ಸಿಡುಬನ್ನು ನಮ್ಮವರು 'ಅಮ್ಮ' ಎಂದು ಕರೆಯುತ್ತಿದ್ದರು. ಬಂದ ಅಮ್ಮನಿಗೆ ಬೇವಿನ ಸೊಪ್ಪು ಕಟ್ಟಿ, ತಂಪನ್ನೆರೆದು, ಮನೆಯನ್ನು ಮಡಿಯಾಗಿಟ್ಟು ಕಳುಹಿಸಿಕೊಡುವುದು ಪದ್ಧತಿ. ಬಾರದ ಅಮ್ಮನನ್ನು ಕತ್ತಿಯ ಮೊನೆಯಿಂದ ಕೆಣಕುವುದು ಅವರಿಗೆ ಅವಿವೇಕವಾಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಇಂತಹ ಭಯವನ್ನು ತರ್ಕದಿಂದ ಹೋಗಲಾಡಿಸುವುದು ಕಷ್ಟ. ಬೊಕ್ಕೆಯ ರಸದ ಗುಣವನ್ನು ಕುರಿತು ವೈದ್ಯನು ಗಂಟೆಗಟ್ಟಲೆ ಉಪನ್ಯಾಸ ಮಾಡಿದರೂ ಕೇಳುವವನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: "ನಿಮ್ಮ ಮನೆಯವರು ಹಾಕಿಸಿಕೊಂಡಿದ್ದಾರೆಯೆ?" ಕಿರಿಯ ರಾಣಿಯ ತೋಳು ಉತ್ತರವಿತ್ತದ್ದು ಈ ಪ್ರಶ್ನೆಗೆ. ಅರಮನೆಯವರೇ ತಮ್ಮ ಮುದ್ದಿನ ಕುಡಿಯನ್ನು ಮೊದಲು ಒಡ್ಡಿದರೆಂಬ ನಂಬಿಕೆಯು ಜನರನ್ನು ಕರೆತಂದಿತು. ಆದರೆ ಆ ಬಾಲೆಯ ಮನಸ್ಸಿನಲ್ಲಿ ಏನಿದ್ದಿತೆಂಬುದನ್ನು ಯಾರೂ ಬರೆದಿಡಲಿಲ್ಲ. ಹೊಸ ಮನೆಗೆ ಬಂದ ಹನ್ನೆರಡರ ಹುಡುಗಿ, ಎದುರಿಗೆ ಪರದೇಶದ ವೈದ್ಯ, ಪಕ್ಕದಲ್ಲಿ ಮನೆತನದ ಹಿರಿಯಾಕೆ. ಆಕೆಯನ್ನು ಕೇಳಿದರೋ ಇಲ್ಲವೋ ನಾವು ಹೇಳಲಾರೆವು. ಕೇಳುವುದು, ಕೇಳದಿರುವುದು ಎಂಬ ಈ ವಿಷಯವನ್ನು ಶ್ರೋತೃಗಳು ಮನಸ್ಸಿನಲ್ಲಿಟ್ಟಿರಬೇಕು. ಮುಂದೆ ನಾವು ಇದಕ್ಕೇ ಮರಳಬೇಕಾಗಿದೆ.

ಹಿರಿಯರ ನಿದರ್ಶನವು ಕಿರಿಯರನ್ನು ದಾಕಿನ ಕಡೆಗೆ ಕರೆತರುವಂತೆ ಅದರಿಂದ ದೂರಕ್ಕೂ ಒಯ್ಯಬಲ್ಲುದು. ಇದಕ್ಕೆ ಉದಾಹರಣೆಯಾಗಿ ಜೆನ್ನರನಿಗಿಂತಲೂ ಮುಂಚಿನ ಕಾಲಕ್ಕೆ, ಅಮೆರಿಕಾ ಖಂಡದ ಬಾಸ್ಟನ್ ನಗರಕ್ಕೆ ಹೋಗಬೇಕು. 1721ರಲ್ಲಿ ಆ ನಗರಕ್ಕೆ ಸಿಡುಬು ತಗುಲಿ 844 ಮಂದಿ ಮಡಿದರು. ಆಗ ಗೋವಿನ ದಾಕು ಇನ್ನೂ ಇರಲಿಲ್ಲ. ರೋಗಿಯ ಬೊಕ್ಕೆಯ ಕೀವನ್ನೇ ಆರೋಗ್ಯವಂತನ ಚರ್ಮದಲ್ಲಿ ಗಾಯಮಾಡಿ ಸೇರಿಸುವ ಹಳೆಯ ಕ್ರಮವೊಂದಿದ್ದಿತು. ಆಫ್ರಿಕಾದಿಂದ ಗುಲಾಮನಾಗಿ ತರಲ್ಪಟ್ಟಿದ್ದ ಒನೆಸಿಮಸ್ ಎಂಬುವನಿಂದ ಈ ಕ್ರಮವನ್ನು ಕೇಳಿ ತಿಳಿದ ಪಾದ್ರಿ ಕಾಟನ್ ಮ್ಯಾಥರನು ವೈದ್ಯರಿಗೆ ಸಲಹೆಯಿತ್ತನು. ಜಬ್ದೀಲ್ ಬಾಯ್ಲ್‌ಸ್ಟನ್ ಎಂಬ ಒಬ್ಬನೇ ವೈದ್ಯನು ಧೈರ್ಯಮಾಡಿ, ತನ್ನ ಆರು ವರ್ಷದ ಮಗನಿಂದಲೇ ಮೊದಲುಮಾಡಿದನು. ಹೀಗೆ ಮಾಡಿಸಿಕೊಂಡ 240ಕ್ಕೂ ಮಿಕ್ಕ ಜನರಲ್ಲಿ ಆರು ಮಂದಿ ಮಾತ್ರ ತೀರಿಕೊಂಡರು. ಆದರೂ ನಗರವು ರೊಚ್ಚಿಗೆದ್ದಿತು. ಮ್ಯಾಥರನ ಮನೆಯೊಳಕ್ಕೆ ಸಿಡಿಗುಂಡೊಂದನ್ನು ಎಸೆಯುವಷ್ಟು ದೂರಕ್ಕೆ ಕ್ರೋಧ ಬೆಳೆಯಿತು.

ಈ ಕ್ರಮವನ್ನು ಹಳಿಯುವ ಲೇಖನಗಳನ್ನು ಪ್ರಕಟಿಸುತ್ತಿದ್ದ ಪತ್ರಿಕೆಗಳಲ್ಲಿ ಮುಖ್ಯವಾದುದು ಜೇಮ್ಸ್ ಫ್ರಾಂಕ್ಲಿನನದು. ಅವನ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತ, ಪತ್ರಿಕೆಯನ್ನು ಮನೆಮನೆಗೆ ಹಂಚುತ್ತ ಕೆಲಸ ಕಲಿಯುತ್ತಿದ್ದವನು ಅವನ ತಮ್ಮ, ಹದಿನೈದು ವರ್ಷದ ಬೆಂಜಮಿನ್. ಮುಂದೆ ವಿದ್ಯುಚ್ಛಕ್ತಿಯ ಪ್ರಯೋಗಗಳಿಂದಲೂ ರಾಜ್ಯತಂತ್ರದಿಂದಲೂ ಲೋಕವಿಖ್ಯಾತನಾದ ಬೆಂಜಮಿನ್ ಫ್ರಾಂಕ್ಲಿನನೇ ಇವನು. ಅಣ್ಣನ ಪತ್ರಿಕೆಗೆ ಪಾದ್ರಿಗಳ ಅಧಿಕಾರವನ್ನು ಅಣಕಿಸುವುದೇ ಒಂದು ಉತ್ಸಾಹ. ಪಾದ್ರಿಯು ಹೌದೆಂದುದನ್ನು ಅಲ್ಲವೆನ್ನುವುದು ಅಲ್ಲಿಯ ರೂಢಿ. ಸಿಡುಬಿನ ವಿಚಾರವು ಈ ಜಗಳದಲ್ಲಿ ಸಿಕ್ಕಿಕೊಂಡಿತು. ಹರೆಯದ ಮನಸ್ಸಿನ ಒಂದು ಲಕ್ಷಣವನ್ನು ನಾವಿಲ್ಲಿ ಗುರುತಿಸಬೇಕು: ದೊಡ್ಡವರ ಅಪ್ಪಣೆಯ ರೂಪದಲ್ಲಿ ಬಂದುದೆಲ್ಲವೂ, ಅದು ಹಿತವೇ ಆಗಿದ್ದರೂ, ತನ್ನ ಸ್ವಾತಂತ್ರ್ಯದ ಮೇಲಣ ದಾಳಿಯಂತೆ ಅದಕ್ಕೆ ಕಾಣುತ್ತದೆ. ಅದೇ ಮನಸ್ಸು ತನ್ನ ಮನೆಯ, ತನ್ನ ಗುಂಪಿನ ಅಭಿಪ್ರಾಯವನ್ನು ತನ್ನ ಸ್ವಂತ ಅಭಿಪ್ರಾಯವೆಂದೇ ತಿಳಿದು ಅಪ್ಪಿಕೊಳ್ಳುತ್ತದೆ. ಈ ವಿರೋಧಾಭಾಸವು ತಾರುಣ್ಯಕ್ಕೆ ಸಹಜ.

ಬೆಂಜಮಿನ್ ಬೆಳೆದು, ಅಂಕಿಗಳನ್ನು ತಾನೇ ಪರಿಶೀಲಿಸಿ, ಈ ಕ್ರಮದ ಪಕ್ಷಪಾತಿಯಾದನು. ಆದರೂ 1736ರಲ್ಲಿ ಅವನ ನಾಲ್ಕು ವರ್ಷದ ಮಗ ಫ್ರಾನ್ಸಿಸ್ ಸಿಡುಬಿನಿಂದ ತೀರಿಕೊಂಡನು. ಮಗುವಿಗೆ ಕೀವು ಸೇರಿಸುವ ಕ್ರಮವು ನಡೆದಿರಲಿಲ್ಲ. ತಾನು ಹಾಗೆ ಮಾಡಿಸದೆ ಹೋದುದಕ್ಕಾಗಿ ಬಹುಕಾಲ ಪರಿತಪಿಸಿದುದಾಗಿ ಅವನು ತನ್ನ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿದ್ದಾನೆ. ಮಾಡಿಸಿ ಮಗುವಿಗೆ ಕೇಡಾದರೆ ತಮ್ಮನ್ನು ತಾವು ಕ್ಷಮಿಸಿಕೊಳ್ಳಲಾರೆವೆಂದು ಹಿಂಜರಿಯುವ ತಂದೆತಾಯಿಗಳಿಗೆ, ಮಾಡಿಸದೆ ಕೇಡಾದರೂ ಪಶ್ಚಾತ್ತಾಪವು ಅಷ್ಟೇ ಇರುವುದೆಂದು ಆತ ಎಚ್ಚರಿಸುತ್ತಾನೆ. ತಾನು ಮಾಡಿದ ಕಾರ್ಯದಿಂದ ಬಂದ ಕೇಡು ದೊಡ್ಡದಾಗಿಯೂ, ಸುಮ್ಮನಿದ್ದುದರಿಂದ ಬಂದ ಕೇಡು ವಿಧಿಯಾಗಿಯೂ ತೋರುವುದು ಮನುಷ್ಯಸ್ವಭಾವ. ಇಂದಿನ ಮನಶ್ಶಾಸ್ತ್ರಜ್ಞರು ಪ್ರಯೋಗಗಳಿಂದ ತೋರಿಸಿರುವ ಈ ಪಕ್ಷಪಾತವನ್ನು ಪುತ್ರಶೋಕವು ಫ್ರಾಂಕ್ಲಿನನಿಗೆ ಮೊದಲೇ ಕಲಿಸಿದ್ದಿತು.

ಅಲ್ಲಿಂದ ಎರಡು ಶತಮಾನಗಳ ಈಚೆಗೆ, ಅದೇ ಅಮೆರಿಕಾದಲ್ಲಿ ಇನ್ನೊಂದು ಪ್ರಸಂಗ. ಅಲ್ಲಿ ಪ್ರತಿ ಬೇಸಗೆಯೂ ಪೋಲಿಯೋ ರೋಗವು ಮಕ್ಕಳ ಕೈಕಾಲುಗಳನ್ನು ಕಸಿಯುತ್ತಿದ್ದಿತು. ಜೋನಾಸ್ ಸಾಲ್ಕರ ಲಸಿಕೆಯು ಫಲಕಾರಿಯೆಂದು 1955ರ ಏಪ್ರಿಲ್ 12ರಂದು ಸಾರಿದಾಗ ಜನರು ಚರ್ಚುಗಳ ಗಂಟೆ ಬಾರಿಸಿ ಸಂತೋಷಪಟ್ಟರು. ಕೆಲವೇ ದಿನಗಳಲ್ಲಿ ಸಂತೋಷಕ್ಕೆ ಆಘಾತ ಬಂದಿತು. ಒಂದು ತಯಾರಿಕಾ ಸಂಸ್ಥೆಯ ಲಸಿಕೆಯಲ್ಲಿ ಸಾಯದ ರೋಗಾಣುಗಳು ಉಳಿದುಹೋಗಿ, ಸುಮಾರು 200 ಮಂದಿ ಅಂಗಹೀನರಾದರು, 10 ಮಂದಿ ಮೃತರಾದರು. ಅಧಿಕಾರಿಗಳು ಲಸಿಕೆ ಹಾಕುವುದನ್ನು ತಡೆದು, ಪರೀಕ್ಷಾಕ್ರಮಗಳನ್ನು ಬಿಗಿಗೊಳಿಸಿ ಪುನಃ ಪ್ರಾರಂಭಿಸಿದರು. ದಾಕಿನ ಭಯವೆಲ್ಲವೂ ಮೂಢತನವೆಂದು ಸಾರಾಸಗಟಾಗಿ ಹೇಳುವವರು ಈ ಘಟನೆಯನ್ನು ಮರೆಯಬಾರದು. ಭಯಕ್ಕೆ ಕಾರಣವಿದ್ದಾಗ ಅದನ್ನು ಒಪ್ಪಿ, ತಪ್ಪನ್ನು ತಿದ್ದಿ ತೋರಿಸಿದಲ್ಲಿ ಮಾತ್ರ ನಂಬಿಕೆ ಮರಳುತ್ತದೆ.

ನಂಬಿಕೆಯೇನೋ ತಕ್ಕಮಟ್ಟಿಗೆ ಮರಳಿತು. ತಾಯಂದಿರು ಮಕ್ಕಳನ್ನು ಕರೆತಂದರು. ಹಿಂದೆ ಉಳಿದವರು ಹದಿನಾಲ್ಕರಿಂದ ಇಪ್ಪತ್ತರವರೆಗಿನ ತರುಣರು. ಆ ರೋಗಕ್ಕೆ ಜನರಿಟ್ಟಿದ್ದ ಹೆಸರೇ ಶಿಶುಗಳ ಪಾರ್ಶ್ವವಾಯು ಎಂಬರ್ಥದ್ದು. ನಾವು ಶಿಶುಗಳಲ್ಲ, ನಮಗೇತರ ಭಯ ಎಂಬುದು ತರುಣರ ಭಾವನೆ. ಅಧ್ಯಕ್ಷ ರೂಸ್‌ವೆಲ್ಟರು ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಕಾಲುಗಳ ಶಕ್ತಿಯನ್ನು ಕಳೆದುಕೊಂಡುದು ಎಲ್ಲರಿಗೂ ತಿಳಿದಿದ್ದರೂ ಈ ಭಾವನೆ ಅಳಿಯಲಿಲ್ಲ. ಆರೋಗ್ಯವು ಉಕ್ಕುತ್ತಿರುವ ವಯಸ್ಸಿನಲ್ಲಿ ರೋಗವೆಂಬುದು ಪರರ ಮನೆಯ ಸುದ್ದಿ. ಇದರೊಡನೆ ಸೂಜಿಯ ಅಂಜಿಕೆ, ಮೂರು ಸಲ ಹೋಗಿಬರುವ ಬೇಸರ, ಕಾಸಿನ ಖರ್ಚು ಇವೂ ಸೇರಿದವು.

ಇದನ್ನು ಕಂಡು ಪ್ರಚಾರಕರು ತರುಣರ ಆರಾಧ್ಯಮೂರ್ತಿಯೊಬ್ಬನನ್ನು ಕರೆತಂದರು. ಇಪ್ಪತ್ತೊಂದು ವರ್ಷದ ಗಾಯಕ ಎಲ್ವಿಸ್ ಪ್ರೆಸ್ಲಿಯು 1956ರ ಅಕ್ಟೋಬರ್ 28ರಂದು ನ್ಯೂಯಾರ್ಕಿನಲ್ಲಿ ಪತ್ರಿಕಾಕರ್ತರೆದುರಿಗೆ ನಗುನಗುತ್ತ ತೋಳೊಡ್ಡಿ ಲಸಿಕೆ ಹಾಕಿಸಿಕೊಂಡನು. ಮೈಸೂರಿನ ಚಿತ್ರಕ್ಕೂ ಈ ಛಾಯಾಚಿತ್ರಕ್ಕೂ ಇರುವ ಹೋಲಿಕೆಯನ್ನು ಶ್ರೋತೃಗಳು ತಾವೇ ಗ್ರಹಿಸಬಹುದು. ಆದರೆ ಗಾಯಕನ ತೋಳೊಂದರಿಂದಲೇ ಕಾರ್ಯವು ಮುಗಿಯಲಿಲ್ಲ. 1957ರಲ್ಲಿ ಪೋಲಿಯೋ ನಿವಾರಣೆಯ ರಾಷ್ಟ್ರೀಯ ಸಂಸ್ಥೆಯು ತರುಣ ತರುಣಿಯರನ್ನೇ ಕರೆದು ಕುಳ್ಳಿರಿಸಿಕೊಂಡು, ನಿಮ್ಮ ಸ್ನೇಹಿತರು ಏಕೆ ಬರುತ್ತಿಲ್ಲ, ಏನು ಮಾಡಿದರೆ ಬಂದಾರು ಎಂದು ವಿಚಾರಿಸಿತು. ಅಲ್ಲಿಂದ ತರುಣರು ತಮ್ಮದೇ ಸಂಘವನ್ನು ಕಟ್ಟಿಕೊಂಡರು. ತಾವೇ ಮಾತನಾಡಿದರು, ತಾವೇ ಭಿತ್ತಿಪತ್ರ ಬರೆದರು. ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ ಪ್ರವೇಶವಿರುವ ನೃತ್ಯಕೂಟಗಳನ್ನೂ ಏರ್ಪಡಿಸಿದರು. ಹಾಕಿಸಿಕೊಳ್ಳದವನು ಸರೀಕರ ಕೂಟದಿಂದ ಹೊರಗುಳಿಯಬೇಕಾಯಿತು. ಇದರಲ್ಲಿ ಕೊಂಚ ಬಲಾತ್ಕಾರದ ವಾಸನೆಯಿದ್ದರೂ, ಅದು ಸರೀಕರ ಬಲಾತ್ಕಾರವಾದುದರಿಂದ ಮೇಲಿನವರ ಅಪ್ಪಣೆಯಷ್ಟು ಕಹಿಯಾಗಲಿಲ್ಲ.

ಸರೀಕರು ಧೈರ್ಯವನ್ನು ಹಂಚಿಕೊಳ್ಳುವಂತೆ ಭಯವನ್ನೂ ಹಂಚಿಕೊಳ್ಳುತ್ತಾರೆ. ಇದಕ್ಕೆ 1998ರ ಸೆಪ್ಟೆಂಬರಿನಲ್ಲಿ ಜೋರ್ಡಾನ್ ದೇಶದಲ್ಲಿ ನಡೆದ ಸಂಗತಿಯು ನಿದರ್ಶನ. ಪ್ರೌಢಶಾಲೆಯ ಹತ್ತನೆಯ ತರಗತಿಯವರಿಗೆ ಧನುರ್ವಾಯು ಮತ್ತು ಗಂಟಲಮಾರಿಗಳ ಲಸಿಕೆ ಹಾಕಿದ ಮೇಲೆ ಕೆಲವರಿಗೆ ತಲೆ ಸುತ್ತಿತು, ಕೆಲವರು ಮೂರ್ಛೆಹೋದರು. ಸುದ್ದಿಯು ಪತ್ರಿಕೆಗಳಿಂದ ಹಬ್ಬಿತು. ವೈದ್ಯರೂ ತಾಯಿತಂದೆಗಳೂ ಗಾಬರಿಯಾದರು. ಕೊನೆಗೆ 800ಕ್ಕೂ ಹೆಚ್ಚು ಮಂದಿ ಎಳೆಯರು ತಮಗೆ ಲಸಿಕೆಯಿಂದ ತೊಂದರೆಯಾಯಿತೆಂದು ನಂಬಿದರು. 122 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಬಹುಮಂದಿಯ ತೊಂದರೆಗೆ ಕಾರಣವು ಲಸಿಕೆಯ ದ್ರವ್ಯವಾಗಿರದೆ, ಒಬ್ಬರಿಂದ ಒಬ್ಬರಿಗೆ ಹರಡಿದ ಉದ್ವೇಗವಾಗಿದ್ದಿತೆಂದು ಶೋಧನೆಯಿಂದ ತಿಳಿದುಬಂದಿತು. ಆ ಹುಡುಗರು ನಟಿಸುತ್ತಿದ್ದರೆಂದು ಇದರ ಅರ್ಥವಲ್ಲ. ಮನಸ್ಸಿನ ಭಯವು ಹೃದಯದ ಗತಿಯನ್ನು ಬದಲಿಸುತ್ತದೆ, ರಕ್ತದ ಒತ್ತಡವನ್ನು ಇಳಿಸುತ್ತದೆ, ಮೂರ್ಛೆಯನ್ನೂ ತರುತ್ತದೆ. ಮೂರ್ಛೆಯು ನಿಜವಾದ ಮೂರ್ಛೆಯೇ. ಇಂತಹವರನ್ನು ಗದರಿಸಿದರೆ ಭಯವು ಇಮ್ಮಡಿಯಾಗುವುದು. ಎಲ್ಲರೆದುರಿಗೆ ಸಾಲಾಗಿ ನಿಲ್ಲಿಸದೆ ಮರೆಯಲ್ಲಿ ಕುಳ್ಳಿರಿಸಿ, ಸಮಾಧಾನದ ಎರಡು ಮಾತನ್ನಾಡಿ, ಆಮೇಲೆ ಕೊಂಚ ಹೊತ್ತು ವಿಶ್ರಮಿಸಗೊಟ್ಟರೆ ಅರ್ಧ ಕಷ್ಟವು ಕಳೆದಂತೆ.

ಇನ್ನು ನಾವು ಹಿಂದೆ ಸೂಚಿಸಿದ ಕೇಳುವ ವಿಷಯ. 2009ರಲ್ಲಿ ಆಂಧ್ರಪ್ರದೇಶಕ್ಕೆ ಸೇರಿದ್ದ, ಈಗ ತೆಲಂಗಾಣದಲ್ಲಿರುವ ಖಮ್ಮಂ ಜಿಲ್ಲೆಯಲ್ಲಿಯೂ ಅದೇ ವರ್ಷ ಗುಜರಾತಿನ ವಡೋದರದಲ್ಲಿಯೂ ಹತ್ತರಿಂದ ಹದಿನಾಲ್ಕು ವಯಸ್ಸಿನ ಬಾಲಕಿಯರಿಗೆ, ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಹೆಚ್‌ಪಿವಿ ಲಸಿಕೆಯನ್ನು ಹಾಕುವ ಯೋಜನೆಯೊಂದು ನಡೆಯಿತು. ಅವರಲ್ಲಿ ಏಳು ಮಂದಿ ಬಾಲಕಿಯರು ಮುಂದೆ ಬೇರೆ ಬೇರೆ ಸಂದರ್ಭಗಳಲ್ಲಿ ಮರಣಹೊಂದಿದರು. ಗದ್ದಲವೆದ್ದು 2010ರ ಏಪ್ರಿಲಿನಲ್ಲಿ ಯೋಜನೆಯು ನಿಂತಿತು. ಮರಣಗಳಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲವೆಂದು ವಿಚಾರಣಾಸಮಿತಿಯು ತಿಳಿಸಿತು. ಆದರೆ ವಿಚಾರಣೆಯಲ್ಲಿ ಮತ್ತೊಂದು ಸಂಗತಿ ಬೆಳಕಿಗೆ ಬಂದಿತು. ವಿದ್ಯಾರ್ಥಿನಿಲಯಗಳಲ್ಲಿದ್ದ ಅನೇಕ ಬಾಲಕಿಯರ ಒಪ್ಪಿಗೆಯ ಕಾಗದಗಳಿಗೆ ತಂದೆತಾಯಿಗಳಿಗೆ ಬದಲು ನಿಲಯದ ಮೇಲ್ವಿಚಾರಕರು ಸಹಿ ಹಾಕಿದ್ದರು. 2013ರಲ್ಲಿ ಲೋಕಸಭೆ, ರಾಜ್ಯಸಭೆಗಳ ಸದಸ್ಯರ ಸಮಿತಿಯು ಇದನ್ನು ಕಟುವಾಗಿ ಖಂಡಿಸಿತು. ಔಷಧವು ಒಳ್ಳೆಯದಿರಬಹುದು, ಉದ್ದೇಶವೂ ಒಳ್ಳೆಯದಿರಬಹುದು. ಕೇಳದೆ ಹಿಡಿದ ತೋಳು ಕೊಸರಿಕೊಳ್ಳದೆ ಬಿಡುವುದಿಲ್ಲ.

ಕೊಸರಿಕೊಂಡ ತೋಳನ್ನು ಮರಳಿ ಒಡ್ಡಿಸುವುದು ಎಷ್ಟು ಕಠಿನವೆಂಬುದನ್ನು ಜಪಾನಿನ ಅನುಭವವು ತಿಳಿಸುತ್ತದೆ. ಅಲ್ಲಿ ಇದೇ ಲಸಿಕೆಯನ್ನು ನೂರಕ್ಕೆ ಸುಮಾರು 70 ಮಂದಿ ಬಾಲಕಿಯರು ಹಾಕಿಸಿಕೊಳ್ಳುತ್ತಿದ್ದರು. ಕೆಲವರಿಗೆ ನೋವು, ನಡುಕಗಳು ಬಂದುವೆಂಬ ಸುದ್ದಿಗಳು ಹರಡಲು, ಸರ್ಕಾರವು 2013ರ ಜೂನ್ ತಿಂಗಳಿನಲ್ಲಿ ತನ್ನ ಶಿಫಾರಸನ್ನು ಹಿಂದಕ್ಕೆಳೆದುಕೊಂಡಿತು. ಸಂಖ್ಯೆಯು ನೂರಕ್ಕೆ ಒಂದಕ್ಕೂ ಕೆಳಗೆ ಬಿದ್ದಿತು. ಲಸಿಕೆಯಿಂದಲೇ ಆ ಬಾಧೆಗಳಾದುವೆಂಬುದಕ್ಕೆ ಪರಿಶೀಲನೆಗಳಲ್ಲಿ ಆಧಾರ ದೊರೆಯದಿದ್ದರೂ ಶಿಫಾರಸು ಮತ್ತೆ ಜಾರಿಗೆ ಬಂದುದು 2022ರ ಏಪ್ರಿಲಿನಲ್ಲಿ. ನಡುವಣ ಒಂಬತ್ತು ವರ್ಷಗಳಲ್ಲಿ ಹದಿಹರೆಯವನ್ನು ದಾಟಿಹೋದ ಹೆಣ್ಣುಮಕ್ಕಳ ಒಂದು ತಲೆಮಾರು ರಕ್ಷಣೆಯಿಲ್ಲದೆ ಉಳಿಯಿತು.

ಕೊನೆಯದಾಗಿ ಮತ್ತೆ ಸಿಡುಬಿಗೇ ಬರೋಣ. ಆ ವ್ಯಾಧಿಯನ್ನು ಭೂಮಿಯಿಂದಲೇ ಓಡಿಸುವ ಮಹಾಪ್ರಯತ್ನವು ಕೊನೆಮುಟ್ಟುತ್ತಿದ್ದ ಕಾಲದಲ್ಲಿ, 1977ರ ಅಕ್ಟೋಬರಿನಲ್ಲಿ, ಸೋಮಾಲಿಯಾ ದೇಶದ ಮೆರ್ಕಾ ಎಂಬ ಊರಿನ ಆಸ್ಪತ್ರೆಯಲ್ಲಿ ಅಲಿ ಮಾವ್ ಮಾಲಿನ್ ಎಂಬ ಇಪ್ಪತ್ತಮೂರರ ತರುಣನು ಅಡಿಗೆಯವನಾಗಿದ್ದನು. ಸಿಡುಬು ತಗುಲಿದ ಇಬ್ಬರು ಮಕ್ಕಳನ್ನು ಹೊತ್ತ ವಾಹನಕ್ಕೆ ದಾರಿ ತೋರಲು ಅವನು ಜೊತೆಯಲ್ಲಿ ಕುಳಿತು ಹೋದನು. ಆ ಅಲ್ಪಕಾಲದ ಪ್ರಯಾಣದಲ್ಲಿಯೇ ರೋಗವು ಅವನಿಗೆ ಅಂಟಿತು. ಆಸ್ಪತ್ರೆಯಲ್ಲಿಯೇ ಕೆಲಸಮಾಡುತ್ತಿದ್ದರೂ ಅವನು ದಾಕು ಹಾಕಿಸಿಕೊಂಡಿರಲಿಲ್ಲ. ನೋಯುವುದೆಂದು ತನಗೆ ಹೆದರಿಕೆಯಿತ್ತೆಂದು ಬಹಳ ವರ್ಷಗಳ ಮೇಲೆ ಅವನೇ ಹೇಳಿದನು. ಅವನೊಬ್ಬನ ಸಂಪರ್ಕದಿಂದ ರೋಗವು ಹರಡದಂತೆ ತಡೆಯಲು ಎರಡು ವಾರಗಳೊಳಗೆ 50,000ಕ್ಕೂ ಹೆಚ್ಚು ಜನರಿಗೆ ದಾಕು ಹಾಕಬೇಕಾಯಿತು. ಮಾಲಿನ್ ಬದುಕಿ ಉಳಿದನು. ತಾನಾಗಿ ಹರಡುವ ಸಿಡುಬು ಬಂದವರಲ್ಲಿ ಅವನೇ ಕಟ್ಟಕಡೆಯವನು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆಯು ಸಿಡುಬು ನಿರ್ಮೂಲವಾಯಿತೆಂದು ಸಾರಿತು.

ಇವನ ಕಥೆ ಇಲ್ಲಿಗೇ ಮುಗಿಯಲಿಲ್ಲ. ಮುಂದೆ ಸೋಮಾಲಿಯಾದಲ್ಲಿ ಪೋಲಿಯೋ ನಿವಾರಣೆಯ ಕೆಲಸವು ಪ್ರಾರಂಭವಾದಾಗ ಮಾಲಿನ್ ಅದರಲ್ಲಿ ಸೇರಿದನು. ಲಸಿಕೆ ಬೇಡವೆನ್ನುವ ತಾಯಂದಿರ ಬಳಿ ಕುಳಿತು, ತಾನು ಹೆದರಿ ತಪ್ಪಿಸಿಕೊಂಡುದನ್ನೂ ಅದರಿಂದ ಪಟ್ಟ ಪಾಡನ್ನೂ ಹೇಳುತ್ತಿದ್ದನು. ಆ ತಾಯಂದಿರೆದುರಿಗೆ ಅವನು ತಾನೂ ಹೆದರಿದವನೆಂದು ಒಪ್ಪಿಕೊಂಡು ಮಾತನಾಡುತ್ತಿದ್ದುದರಿಂದ ಅವನ ಮಾತಿಗೆ ತೂಕವಿದ್ದಿತು. 2013ರ ಜುಲೈ ತಿಂಗಳಿನಲ್ಲಿ, ಅದೇ ಕಾರ್ಯದಲ್ಲಿ ತೊಡಗಿದ್ದಾಗ ಮಲೇರಿಯಾ ಜ್ವರದಿಂದ ಅವನು ತೀರಿಕೊಂಡನು.

ಈ ಪ್ರಸಂಗಗಳನ್ನೆಲ್ಲ ಒಟ್ಟಿಗೆ ನೋಡಿದರೆ ನಮಗೆ ತೋರುವುದು ಇಷ್ಟು. ರೋಗವು ಕಣ್ಣಿಗೆ ಮರೆಯಾದಾಗ ಅದರ ಭಯವೂ ಮರೆಯಾಗಿ ಸೂಜಿಯ ಭಯವೊಂದೇ ಉಳಿಯುತ್ತದೆ. ಸುಮ್ಮನಿರುವುದು ನಿರಪಾಯವೆಂಬ ಭ್ರಾಂತಿಯು ಎಲ್ಲ ವಯಸ್ಸಿನವರಲ್ಲಿಯೂ ಇದೆ. ಮೇಲಿನಿಂದ ಬಂದ ಅಪ್ಪಣೆಯನ್ನು ತಾರುಣ್ಯವು ಪ್ರತಿಭಟಿಸುತ್ತದೆ, ಸರೀಕರ ನಡತೆಯನ್ನು ಅನುಸರಿಸುತ್ತದೆ. ಭಯವೂ ಧೈರ್ಯವೂ ಎರಡೂ ಸಾಂಕ್ರಾಮಿಕ. ಇವೆಲ್ಲಕ್ಕೂ ತಳಹದಿಯಾದುದು ನಂಬಿಕೆ. ಅದು ಕೇಳುವುದರಿಂದ ಹುಟ್ಟುತ್ತದೆ, ಮುಚ್ಚಿಡುವುದರಿಂದ ಸಾಯುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಲೋಕದ ಆರೋಗ್ಯಕ್ಕೆ ಒದಗಿರುವ ಹತ್ತು ಅಪಾಯಗಳಲ್ಲಿ ಲಸಿಕೆಯ ವಿಷಯವಾದ ಹಿಂಜರಿಕೆಯನ್ನೂ ಒಂದಾಗಿ ಎಣಿಸಿತು. ಆ ಹಿಂಜರಿಕೆಗೆ ಔಷಧವು ಸೀಸೆಯಲ್ಲಿ ದೊರೆಯುವಂತಹುದಲ್ಲ.

ನಮ್ಮ ಮನೆಗಳಲ್ಲಿ ಮಗನೋ ಮಗಳೋ ತೋಳನ್ನು ಹಿಂದಕ್ಕೆಳೆದುಕೊಂಡರೆ, ಏಕೆ ಹೆದರಿಕೆ ಎಂದು ಮೊದಲು ಕೇಳೋಣ. ಉತ್ತರವನ್ನು ಪೂರ್ತಿಯಾಗಿ ಆಲಿಸೋಣ. ನಮಗೂ ಆ ವಯಸ್ಸಿನಲ್ಲಿ ಹೆದರಿಕೆಯಾಗಿದ್ದಿತೆಂದು ನಾಚದೆ ಹೇಳೋಣ. ಆಮೇಲೆ ನಮಗೆ ತಿಳಿದುದನ್ನು ತಿಳಿಸೋಣ. ಮೈಸೂರಿನ ಆ ಬಾಲರಾಣಿಯನ್ನು ಯಾರಾದರೂ ಹೀಗೆ ಕೇಳಿದ್ದರೋ ಏನೋ. ಚಿತ್ರದಲ್ಲಿ ಆಕೆ ಬೆರಳು ತೋರಿ ನಿಂತಿದ್ದಾಳೆ, ಮಾತನಾಡುವುದಿಲ್ಲ. ಇಂದಿನ ಮಕ್ಕಳು ಮಾತನಾಡಬಲ್ಲರು. ಕೇಳುವ ಕೆಲಸವು ನಮ್ಮದು.